ಆ ಕೋಣೆಯಲ್ಲಿ ಹೇಳಿದ್ದು

ಮಿಷನ್ನು ಅಕ್ಕನ ಎಡಗೈಯ ಮೂರು ಬೆರಳು ತಿಂದು ಐವತ್ತು ದಿನವಾಗಿತ್ತು. ಐವತ್ತೊಂದನೇ ದಿನ ಕಂಪನಿಯವರು ಮಾತುಕತೆಗೆ ಕರೆದರು.

ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವರೂ. ಹದಿನಾಲ್ಕು ವರ್ಷ ಒಂದೇ ಲಾಂಡ್ರಿಯಲ್ಲಿ ನಿಂತವಳು. ನಿಂತವಳು ಅಂದರೆ ನಿಜಕ್ಕೂ ನಿಂತವಳು. ಆ ಕೆಲಸದಲ್ಲಿ ಕೂರುವ ಮಾತೇ ಇಲ್ಲ. ನಾಲ್ಕು ಆಸ್ಪತ್ರೆಗಳ ಬೆಡ್‌ಶೀಟು ಅಲ್ಲಿಗೆ ಬಂದು, ಒಗೆದು, ಇಸ್ತ್ರಿಯಾಗಿ ವಾಪಸ್ಸು ಹೋಗುತ್ತಿತ್ತು. ಅಕ್ಕನದು ಮೂರನೇ ನಂಬರ್ ಮಿಷನ್. ಒಂದಕ್ಕೊಂದು ಒತ್ತಿಕೊಂಡು ಉರುಳುವ ಎರಡು ಬಿಸಿ ರೋಲರ್. ಒದ್ದೆ ಶೀಟಿನ ಎರಡು ತುದಿ ಹಿಡಿದು ಜಾಡಿಸಿ, ಅಂಚು ನೇರ ಮಾಡಿ, ರೋಲರಿನ ಬಾಯಿಗೆ ಕೊಡಬೇಕು. ಕೊಟ್ಟ ಕೂಡಲೇ ಕೈ ಬಿಡಬೇಕು. ಬಿಟ್ಟ ಕೈ ಮುಂದಿನ ಶೀಟು ಹಿಡಿದಿರಬೇಕು. ಸಂಜೆಗೆ ಭುಜ ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು.

ರೋಲರಿನ ಮುಂದೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ. ಅದಕ್ಕೆ ಕೈ ತಗುಲಿದರೆ ಮಿಷನ್ ಅಲ್ಲೇ ನಿಲ್ಲಬೇಕು. ಆದರೆ ಕೈ ಯಾವುದು, ಶೀಟಿನ ಗಂಟು ಯಾವುದು ಅಂತ ಕಬ್ಬಿಣಕ್ಕೆ ಗೊತ್ತಾಗುವುದಿಲ್ಲ. ಒದ್ದೆ ಶೀಟು ಮುದ್ದೆಯಾಗಿ ತಗುಲಿದರೂ ನಿಲ್ಲುತ್ತದೆ. ನಿಂತರೆ ರೋಲರ್ ಮತ್ತೆ ಬಿಸಿಯಾಗಲು ನಾಲ್ಕು ನಿಮಿಷ. ಸೂಪರ್‌ವೈಸರನಿಗೆ ಆ ನಾಲ್ಕು ನಿಮಿಷ ಅಂದರೆ ಪ್ರಾಣ ಹೋದ ಹಾಗೆ. ಮಾತಿಗೊಂದು ಸಲ ವಾಚು ನೋಡುತ್ತಿದ್ದ. ಹೆಂಗಸರೆಲ್ಲ ಸೇರಿ ಅವನಿಗೆ ಗಡಿಯಾರ ಅಂತ ಹೆಸರಿಟ್ಟಿದ್ದರು. ಹೊಸಬರು ಬಂದ ಮೊದಲ ದಿನವೇ ಗಡಿಯಾರ ಹರಿದ ದಿಂಬಿನ ಕವರಿನ ಉದ್ದ ಚೂರೊಂದನ್ನು ಕೈಗೆ ಕೊಡುತ್ತಿದ್ದ. "ಕಟ್ಕೊಳ್ಳಿ," ಅನ್ನುತ್ತಿದ್ದ. ಎಲ್ಲಿಗೆ, ಯಾಕೆ ಅಂತ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಪಕ್ಕದ ಮಿಷನ್ನಿನವಳು ತೋರಿಸಿಕೊಡುತ್ತಿದ್ದಳು. ಪಟ್ಟಿಯನ್ನು ಅಲುಗದ ಹಾಗೆ ಬಿಗಿದು ಕಟ್ಟಿದರೆ ಮಿಷನ್ ಯಾವುದಕ್ಕೂ ನಿಲ್ಲುವುದಿಲ್ಲ. ಬೆರಳಿಗೂ.

ಅಕ್ಕನೂ ಕಟ್ಟಿದ್ದಳು. ಹದಿನಾಲ್ಕು ವರ್ಷ, ದಿನಾ ಬೆಳಿಗ್ಗೆ, ತಲೆ ಬಾಚಿಕೊಂಡಷ್ಟು ಸಲೀಸಾಗಿ.

ಮಾತುಕತೆ ನಡೆದದ್ದು ಒಂದು ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿ. ಓಣಿಯ ಈಚೆ ಒಂದು ಕೋಣೆ, ಆಚೆ ಒಂದು ಕೋಣೆ. ಈಚೆಯದರಲ್ಲಿ ಅಕ್ಕ ಒಬ್ಬಳೇ. ಆಚೆಯದರಲ್ಲಿ ಗಡಿಯಾರ, ಕಂಪನಿಯ ವಕೀಲ, ಇನ್ನಿಬ್ಬರು. ಇವರ ಮುಖ ಅವರು ನೋಡುವ ಹಾಗಿಲ್ಲ, ಅವರ ಮಾತು ಇವರು ಕೇಳುವ ಹಾಗಿಲ್ಲ. ಎರಡು ಕೋಣೆಗಳ ನಡುವೆ ಓಡಾಡುವವನು ಒಬ್ಬನೇ: ಮಧ್ಯಸ್ಥ. ಮಾತನ್ನು ಇಲ್ಲಿಂದ ಎತ್ತಿಕೊಂಡು ಹೋಗಿ ಅಲ್ಲಿ ಇಳಿಸುವುದು, ಅಲ್ಲಿಂದ ಹೊತ್ತು ತಂದು ಇಲ್ಲಿ ಇಳಿಸುವುದು ಅವನ ಕೆಲಸ. ಮೆತ್ತನೆಯ ಮನುಷ್ಯ. ಮೆತ್ತನೆಯ ಶೂ. ಬಂದದ್ದೇ ಗೊತ್ತಾಗುತ್ತಿರಲಿಲ್ಲ.

"ನೋಡಿಮ್ಮ, ನಾನು ಯಾರ ಕಡೆಯವನೂ ಅಲ್ಲ," ಅಂದ. "ನೀವು ಮನಸ್ಸು ಬಿಚ್ಚಿ ಮಾತಾಡಿ. ಈ ರೂಮಲ್ಲಿ ಹೇಳಿದ್ದು ಈ ರೂಮಲ್ಲೇ ಇರುತ್ತೆ."

ಅಕ್ಕ ಅವನನ್ನು ಡಾಕ್ಟರ ಹಾಗೆ ನಂಬಿದಳು. ಡಾಕ್ಟರ ಮುಂದೆ ಗಾಯ ಬಿಚ್ಚಿ ತೋರಿಸುತ್ತೇವಲ್ಲ, ಹಾಗೆ ಎಲ್ಲ ಬಿಚ್ಚಿದಳು.

"ನಂಗೆ ಬೇರೇನೂ ಬೇಡ ಸಾರ್. ನನ್ನ ಜಾಗಕ್ಕೆ ನನ್ನ ತಂಗೀನ ಹಾಕಿದ್ದಾರೆ. ಅದೇ ಮಿಷನ್ನು, ಮೂರನೇ ನಂಬರು. ಆ ಪಟ್ಟಿಗೆ ಕಟ್ಟಿರೋ ಬಟ್ಟೆ ಬಿಚ್ಚಿಸ್ಬೇಕು. ಇನ್ಯಾರೂ ಕಟ್ಬಾರ್ದು ಅಂತ ಬರೆದು ಕೊಡ್ಬೇಕು. ಅಷ್ಟೇ."

"ಈಗ ಕಟ್ಟಿರೋರು ಯಾರಮ್ಮ?"

"ನಾನೇ ಕಟ್ಟಿದ್ದು ಸಾರ್, ಸುಳ್ಳು ಯಾಕೆ ಹೇಳ್ಲಿ. ನಾನೊಬ್ಳೇ ಅಲ್ಲ, ರೇಡಿಯೋನೂ ಕಟ್ತಾಳೆ, ಎಲ್ರೂ ಕಟ್ತಾರೆ. ಸೂಪರ್‌ವೈಸರೇ ಬಟ್ಟೆ ಕೊಟ್ಟು ಕಟ್ಟಿಸ್ತಾರೆ. ಕಟ್ದೇ ಇದ್ರೆ ಕೆಲಸ ಇಲ್ಲ."

ರೇಡಿಯೋ ಅಂದರೆ ಎರಡನೇ ಮಿಷನ್ನಿನವಳು. ಅವಳ ಬಾಯಿಗೆ ಸ್ವಿಚ್ಚಿರಲಿಲ್ಲ, ಅದಕ್ಕೆ ಆ ಹೆಸರು.

ಮಧ್ಯಸ್ಥ ತಲೆಯಾಡಿಸಿದ. ಏನೋ ಬರೆದುಕೊಂಡ. ಎದ್ದು ಹೋಗುವಾಗ ಅವಳ ಮುಂದೊಂದು ನೀರಿನ ಬಾಟಲಿ ಇಟ್ಟ. ಅವಳು ಅದನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಲಗೈಯಿಂದ ಮುಚ್ಚಳ ತಿರುಗಿಸಲು ನೋಡಿದಳು. ಬಾಟಲಿ ಜಾರಿತು. ಮೇಜಿನಡಿಗೆ ಉರುಳಿತು. ಬಗ್ಗಿ ಎತ್ತಿಕೊಳ್ಳುವಾಗ ಎಡಗೈ ಮೇಜಿನ ಕಾಲಿಗೆ ಬಡಿದು ಕಣ್ಣಲ್ಲಿ ಕತ್ತಲೆ ಬಂತು. ಆಮೇಲೆ ನೀರಿನ ಆಸೆಯನ್ನೇ ಬಿಟ್ಟಳು.

ಒಂದು ಗಂಟೆಯಾದ ಮೇಲೆ ಅವನು ಬಂದ. ಮುಖ ಬದಲಾಗಿತ್ತು.

"ನೀವೇ ಕಟ್ಟಿದ್ದಂತೆ ಅಲ್ವೇನಮ್ಮ? ಅವರು ಹೇಳ್ತಿದ್ದಾರೆ."

ಅಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ಅದು ನಾನು ನಿಮಗೆ ಹೇಳಿದ್ದು," ಅಂದಳು.

"ಯಾರು ಹೇಳಿದ್ರು ಅನ್ನೋದು ಬಿಡಿ. ನಿಜ ಹೌದೋ ಅಲ್ವೋ?"

"ಸೂಪರ್‌ವೈಸರ್ ಕಟ್ಟಿಸ್ತಾರೆ ಅಂತಾನೂ ಹೇಳಿದ್ನಲ್ಲ ಸಾರ್. ಅದನ್ನ ಹೇಳಿದ್ರಾ ಅವರಿಗೆ?"

"ಅಮ್ಮಾ, ಅವರ ಮೇಲೆ ಆರೋಪ ಹೊರಿಸಿದ್ರೆ ಮಾತುಕತೆ ಮುರಿದು ಬೀಳುತ್ತೆ. ಸಂಬಂಧ ಉಳಿಸೋದು ನನ್ನ ಕೆಲಸ."

ಯಾರ ಸಂಬಂಧ ಅಂತ ಅವಳು ಕೇಳಲಿಲ್ಲ. ಕೇಳಬೇಕಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿತು. ಆರು ಗಂಟೆ ಹೊತ್ತು ಅವನು ಬಂದ, ಹೋದ. ಬಂದಾಗಲೆಲ್ಲ ಅವಳ ಮಾತು ಒಂದು ಗೇಣು ಕಡಿಮೆಯಾಗಿರುತ್ತಿತ್ತು. ಕೊನೆಗೆ ಒಂದು ಕಾಗದ ತಂದ. ಐದು ಗಂಟೆಯೊಳಗೆ ಸಹಿ ಬೀಳದಿದ್ದರೆ ಇರುವ ಕೆಲಸವೂ ಹೋಗುತ್ತೆ ಅಂದ. ಆಗ ನಾಲ್ಕೂ ಐವತ್ತು. ಕಾಗದ ಐದು ಪುಟ. ಹೊಟ್ಟೆಯಲ್ಲಿ ಬೆಳಗಿನ ಚಹಾ ಬಿಟ್ಟರೆ ಏನೂ ಇಲ್ಲ. ಅಕ್ಕ ಸಹಿ ಹಾಕಿದಳು.

ಕಾಗದದಲ್ಲಿ ಏನಿತ್ತು ಅಂತ ಓದಿ ಹೇಳಿದವಳು ಮನೆಯಲ್ಲಿ ತಂಗಿ. ಓದುತ್ತಾ ಓದುತ್ತಾ ಅವಳ ದನಿ ಸಣ್ಣಗಾಯಿತು. ಪಟ್ಟಿಯನ್ನು ಅಕ್ಕನೇ ತನ್ನ ಇಷ್ಟದಿಂದ ಕಟ್ಟಿದ್ದು. ಕಂಪನಿಯದು ಏನೂ ತಪ್ಪಿಲ್ಲ. ಆದರೂ ಕರುಣೆಯಿಂದ ಅವಳಿಗೆ ನೆಲಮಾಳಿಗೆಯಲ್ಲಿ ಕೊಳೆ ಬಟ್ಟೆ ಬೇರ್ಪಡಿಸುವ ಕೆಲಸ ಕೊಡುತ್ತಾರೆ. ಆ ಕೋಣೆಯಲ್ಲಿ ನಡೆದ ಯಾವ ಮಾತನ್ನೂ ಅವಳು ಎಲ್ಲೂ ಆಡಬಾರದು. ಆಡಿದರೆ ಕರುಣೆ ಕ್ಯಾನ್ಸಲ್.

"ಪಟ್ಟಿ ಬಿಚ್ಚೋದು?" ಅಕ್ಕ ಕೇಳಿದಳು. "ಅದು ಯಾವ ಪುಟದಲ್ಲಿದೆ ನೋಡೇ."

ತಂಗಿ ಐದೂ ಪುಟ ಮತ್ತೆ ತಿರುವಿದಳು. "ಇಲ್ಲ ಅಕ್ಕ."

"ಸರಿಯಾಗಿ ನೋಡು."

"ಇಲ್ವಲ್ಲ ಅಕ್ಕ. ಇದ್ರೆ ತಾನೇ ಕಾಣೋದು."

ಮಾರನೇ ದಿನ ರೇಡಿಯೋನ ಕೆಲಸದಿಂದ ತೆಗೆದರು. ಸುರಕ್ಷತೆಯ ನಿಯಮ ಮುರಿದಳು ಅಂತ. ಅಕ್ಕ ಗೇಟಿನ ಹತ್ತಿರ ಬರುವಷ್ಟರಲ್ಲಿ ರೇಡಿಯೋ ತನ್ನ ಚಪ್ಪಲಿ, ಬಾಚಣಿಗೆ, ಊಟದ ಡಬ್ಬಿ ಎಲ್ಲ ಒಂದು ಚೀಲಕ್ಕೆ ತುಂಬಿಕೊಂಡು ನಿಂತಿದ್ದಳು. ಸುತ್ತ ಹತ್ತು ಹೆಂಗಸರು.

"ಬಾರೇ ತಾಯಿ, ನಿನ್ನನ್ನೇ ಕಾಯ್ತಿದ್ವಿ," ಅಂದಳು ರೇಡಿಯೋ. "ಇನ್ನೂ ಯಾರ ಹೆಸರು ಬಾಕಿ ಇದೆ? ಹೇಳ್ಬಿಡು, ಅವ್ರೂ ಚೀಲ ತಂದ್ಕೊಳ್ಲಿ."

"ನಾನು ಕಂಪನಿಗೆ ಹೇಳ್ಲಿಲ್ಲ ಕಣೇ. ಆ ಮಧ್ಯಸ್ಥರಿಗೆ ಹೇಳಿದ್ದು."

"ಮಧ್ಯಸ್ಥರಂತೆ. ಅವನು ಯಾರು ಅಂತಾದ್ರೂ ಗೊತ್ತಾ ನಿಂಗೆ? ನಾನು ಸ್ಟೋರಲ್ಲಿದ್ದಾಗ ನಮ್ಗೆ ಸೋಪಿನ ಪುಡಿ ಸಪ್ಲೈ ಮಾಡ್ತಿದ್ದೋನು. ಎರಡು ದಿನ ಅದೇನೋ ಟ್ರೈನಿಂಗ್ ತಗೊಂಡು ಬಂದು ಬೋರ್ಡ್ ಹಾಕ್ಕೊಂಡ. ಮೊದ್ಲು ಅವನ ಪುಡಿ ಶೀಟ್ ತೊಳೀತಿತ್ತು, ಈಗ ನಮ್ಮನ್ನ ಅವನೇ ತೊಳ್ದು ಹಾಕ್ತಾನೆ."

ಯಾರೋ ಕಿಸಕ್ಕನೆ ನಕ್ಕರು. ರೇಡಿಯೋ ನಗಲಿಲ್ಲ. ಅಕ್ಕನ ಬ್ಯಾಂಡೇಜಿನ ಕೈಯನ್ನೇ ನೋಡಿದಳು. ಚೀಲ ಹೆಗಲಿಗೇರಿಸಿ ನಡೆದಳು. ಅಂದಿನಿಂದ ಅಕ್ಕನ ಜೊತೆ ಯಾರೂ ಊಟಕ್ಕೆ ಕೂರಲಿಲ್ಲ. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಪಟ್ಟಿಗೆ ಕೈ ತಗುಲಿದ ಹಾಗೆ.

ನೆಲಮಾಳಿಗೆಯ ಕೆಲಸ ಒಂಟಿ ಕೈಯಲ್ಲಿ ಆಗುವಂಥದ್ದಲ್ಲ. ಆಸ್ಪತ್ರೆಯ ಮೂಟೆ ಬಿಚ್ಚಬೇಕು. ರಕ್ತದ್ದು ಒಂದು ಕಡೆ, ಹೇಲುಚ್ಚೆಯದು ಒಂದು ಕಡೆ, ವಾಂತಿಯದು ಇನ್ನೊಂದು ಕಡೆ. ಮಡಿಕೆಗಳಲ್ಲಿ ಸೂಜಿ ಇರುತ್ತದೆ. ಗಂಟು ಬಿಚ್ಚಲು ಅಕ್ಕ ಹಲ್ಲು ಹಚ್ಚುತ್ತಿದ್ದಳು. ಆ ಗಂಟಿಗೆ, ಆ ಬಟ್ಟೆಗೆ. ಮನೆಗೆ ಬಂದು ಎಷ್ಟು ಬಾಯಿ ಮುಕ್ಕಳಿಸಿದರೂ ಅನ್ನ ಇಳಿಯುತ್ತಿರಲಿಲ್ಲ.

ತಲೆಯ ಮೇಲೆ ಮೂರನೇ ನಂಬರ್ ಮಿಷನ್. ಅದು ಉರುಳುವಾಗ ನೆಲಮಾಳಿಗೆಯ ಸೂರು ಗುಂಯ್‌ಗುಡುತ್ತಿತ್ತು. ಎಲ್ಲಾದರೂ ಒಂದು ಗಳಿಗೆ ಸದ್ದು ಬದಲಾದರೆ ಅಕ್ಕನ ಕೈಯ ಮೂಟೆ ಕೆಳಗೆ ಬೀಳುತ್ತಿತ್ತು. ಮಹಡಿಯಲ್ಲಿ ತಂಗಿ. ಇಪ್ಪತ್ತೆರಡು ವರ್ಷ. ಪಟ್ಟಿ ಕಟ್ಟಿಕೊಂಡೇ ನಿಂತವಳು.

"ಬಿಚ್ಚೇ, ನಿನ್ನ ದಮ್ಮಯ್ಯ," ಅಂದರೆ, "ಬಿಚ್ಚಿದ್ರೆ ಗಡಿಯಾರ ನನ್ನನ್ನೇ ಬಿಚ್ಚಿ ಕಳಿಸ್ತಾನೆ ಅಕ್ಕ. ಇಬ್ರಲ್ಲಿ ಒಬ್ಳಾದ್ರೂ ನೆಟ್ಟಗೆ ದುಡೀಬೇಕಲ್ಲ," ಅನ್ನುತ್ತಿದ್ದಳು. ಆಮೇಲೆ ನಗಿಸಲು ನೋಡುತ್ತಿದ್ದಳು: "ನನ್ನ ಬೆರಳು ತೆಳ್ಳಗಿವೆ, ಮಿಷನ್‌ಗೆ ರುಚಿ ಇರಲ್ಲ ಬಿಡು."

ಅಕ್ಕ ದೂರು ಕೊಡಲು ಹೊರಟಳು. ಒಂದು ಆಫೀಸಲ್ಲ, ನಾಲ್ಕು. ಕಾರ್ಮಿಕರ ಆಫೀಸಿನವರು ಅವನು ನಮ್ಮವನಲ್ಲ ಅಂದರು. ಕೋರ್ಟಿನ ಗುಮಾಸ್ತ, ನಾವು ಕಳಿಸಿದ ಕೇಸಾಗಿದ್ದರೆ ನೋಡಬಹುದಿತ್ತು, ಇದು ಖಾಸಗಿ ಅಂದ. ಪೊಲೀಸರು ಕೈ ನೋಡಿ, ಕಾಗದ ನೋಡಿ, ಸಹಿ ಯಾರದಮ್ಮ ಅಂದರು. ಕೊನೆಗೆ ಮಧ್ಯಸ್ಥರದೇ ಒಂದು ಸಂಘ ಇದೆ ಅಂತ ಗೊತ್ತಾಗಿ ಅಲ್ಲಿಗೂ ಹೋದಳು. ಅಲ್ಲಿದ್ದ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿದಳು.

"ಅವರು ನಮ್ಮ ಸದಸ್ಯರಲ್ಲ. ಆಗಿದ್ದಿದ್ರೆ ಒಂದು ಪತ್ರ ಬರೆದು ಕೇಳಬಹುದಿತ್ತು."

"ಸದಸ್ಯ ಆಗ್ದೇ ಈ ಕೆಲಸ ಮಾಡಬಹುದಾ ಮೇಡಂ?"

"ಯಾರು ಬೇಕಾದ್ರೂ ಮಾಡಬಹುದು. ನೀವೂ ಮಾಡಬಹುದು."

ಬಸ್ ಸ್ಟಾಪಿನ ಪಕ್ಕ ಒಂದು ಕಟಿಂಗ್ ಶಾಪು. ಅಂಗಡಿಯವನು ಅವಳಿಗೆ ಪರಿಚಯ, ಬೆರಳಿಲ್ಲದ ಕೈಯಲ್ಲಿ ಜಡೆ ಹಾಕಿಕೊಳ್ಳಲಾಗದೆ ಅವಳು ಕೂದಲು ಕತ್ತರಿಸಿಕೊಂಡದ್ದು ಅವನ ಹತ್ತಿರವೇ. ಅಂದು ಬಸ್ಸು ಬರುವವರೆಗೆ ಅವನ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು.

ಅವನು ಗೋಡೆಯ ಮೇಲಿನ ಕಟ್ಟು ಹಾಕಿದ ಕಾಗದ ತೋರಿಸಿದ. "ನೋಡಕ್ಕ, ಲೈಸೆನ್ಸು. ಕತ್ತರಿ ಹಿಡಿಯೋಕೆ ನಂಗೆ ಇದು ಬೇಕು. ಯಾರದಾದ್ರೂ ಕಿವಿ ಚೂರು ಹಾರ್ತು ಅಂದ್ರೆ ನಾಳೆ ಬಂದು ಇದನ್ನ ಕಿತ್ಕೊಂಡು ಹೋಗ್ತಾರೆ."

"ಅವನದು ಕಿತ್ಕೊಳ್ಳೋಕೆ ಗೋಡೆ ಮೇಲೆ ಏನೂ ಇಲ್ಲ."

"ಅದೇ ಮತ್ತೆ. ಕೂದಲು ಆದ್ರೂ ಮತ್ತೆ ಬೆಳೆಯುತ್ತೆ," ಅಂದ ಅವನು. ಅಂದಮೇಲೆ ಅವಳ ಕೈ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ.

ಸಾರ್ವಜನಿಕ ಅಹವಾಲಿನ ನೋಟೀಸು ತಂಗಿಯ ಕಣ್ಣಿಗೆ ಬಿದ್ದದ್ದು ಫೋನಿನಲ್ಲಿ. ಮಧ್ಯಸ್ಥರನ್ನು ಒಂದು ವೃತ್ತಿಯವರೆಂದು ನೋಂದಾಯಿಸಿ, ಅವರಿಗೆ ನಿಯಮ ಮಾಡಬೇಕೇ ಬೇಡವೇ? ಸರ್ಕಾರದ ಸಮಿತಿಯ ಮುಂದೆ ಯಾರು ಬೇಕಾದರೂ ಮಾತಾಡಬಹುದು, ಒಬ್ಬೊಬ್ಬರಿಗೆ ಮೂರು ನಿಮಿಷ, ಆಡಿದ ಮಾತೆಲ್ಲ ಕಡತಕ್ಕೆ ಸೇರುತ್ತದೆ.

"ಕಡತಕ್ಕೆ ಸೇರುತ್ತಾ?" ಅಕ್ಕ ಕೇಳಿದಳು. ಅವಳಿಗೆ ಬೇಕಾದದ್ದು ಅದೊಂದೇ. ಮೂರನೇ ನಂಬರಿನ ಪಟ್ಟಿ ಕಟ್ಟಿದೆ, ಕಟ್ಟಿಸುವವರು ಇಂಥವರು ಅಂತ ಎಲ್ಲಾದರೂ ಒಂದು ಕಡೆ ಬರೆದಿರಬೇಕು. ಬರೆದಿದ್ದರೆ ಯಾರಾದರೂ ಬಂದು ನೋಡಲೇಬೇಕು.

"ಮಾತಾಡಿದ್ರೆ ನಿನ್ನ ಕೆಲಸ ಹೋಗುತ್ತೆ ಅಂತ ಆ ಕಾಗದದಲ್ಲಿದೆ ಅಕ್ಕ."

"ಹಲ್ಲಲ್ಲಿ ಗಂಟು ಬಿಚ್ಚೋ ಕೆಲಸ. ಹೋದ್ರೆ ಹೋಗ್ಲಿ."

ಅಹವಾಲಿನ ದಿನ ತಂಗಿಯೂ ಬಂದಳು. ಅವಳ ಪಾಳಿ ಎರಡು ಗಂಟೆಗೆ. ಹನ್ನೊಂದಕ್ಕೆ ಶುರುವಾಗಬೇಕಿದ್ದದ್ದು ಹನ್ನೆರಡಕ್ಕೆ ಶುರುವಾಯಿತು. ದೊಡ್ಡ ಸಭಾಂಗಣ, ವೇದಿಕೆಯ ಮೇಲೆ ಐದು ಜನ, ನಡುವೆ ಅಧ್ಯಕ್ಷರು. ಕೆಳಗೆ ಒಂದು ಸಣ್ಣ ಮೇಜಿನ ಮುಂದೆ ಟೈಪಿಸ್ಟ್ ಹುಡುಗಿ, ಕಿವಿಗೆ ಹೆಡ್‌ಫೋನು. ಮೊದಲ ಮೂರು ಸಾಲು ಪೂರ್ತಿ ಮಧ್ಯಸ್ಥರೇ. ಅವನೂ ಇದ್ದ. ಅಕ್ಕನನ್ನು ನೋಡಿ ಮೆಲ್ಲಗೆ ತಲೆಯಾಡಿಸಿದ, ನೆಂಟರ ಮನೆಯಲ್ಲಿ ಸಿಕ್ಕವರ ಹಾಗೆ.

ಒಬ್ಬರಾದ ಮೇಲೊಬ್ಬರು ಮಾತಾಡಿದರು. ಮಧ್ಯಸ್ಥಿಕೆ ಒಂದು ಕಲೆ, ಅದಕ್ಕೆ ಬೇಲಿ ಹಾಕಬಾರದು ಅಂದರು ಒಬ್ಬರು. ನಂಬಿಕೆಯನ್ನು ಲೈಸೆನ್ಸ್ ಕೊಟ್ಟು ಹುಟ್ಟಿಸೋಕಾಗಲ್ಲ ಅಂದರು ಇನ್ನೊಬ್ಬರು. ಕನ್ನಡಕದ ದೊಡ್ಡ ಮನುಷ್ಯರೊಬ್ಬರು ನಗುತ್ತಾ ಕೇಳಿದರು: "ಇವತ್ತು ನಮಗೆ ಲೈಸೆನ್ಸು ಅಂತೀರಿ. ನಾಳೆ ಗಂಡ ಹೆಂಡತಿ ಜಗಳ ಬಿಡಿಸೋ ಪಕ್ಕದ ಮನೆ ಅಜ್ಜಿಗೂ ಲೈಸೆನ್ಸ್ ಕೇಳ್ತೀರೇನು?" ಸಭೆ ಹೊಟ್ಟೆ ಹಿಡಿದು ನಕ್ಕಿತು.

ಒಂದೂವರೆಗೆ ತಂಗಿ ಎದ್ದಳು.

"ಇವತ್ತೊಂದು ದಿನ ಹೋಗ್ಬೇಡ್ವೇ," ಅಂದಳು ಅಕ್ಕ. ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಹೋಗ್ದೆ ಏನ್ ಮಾಡ್ಲಿ ಹೇಳು. ನೀನು ಇಲ್ಲಿ ಮಾತಾಡಿದ ಮೇಲೆ ಮನೇಲಿ ಉಳಿಯೋದು ನನ್ನ ಕೆಲಸ ಒಂದೇ." ತಂಗಿ ಸೆರಗು ಬಿಡಿಸಿಕೊಂಡು, ಅಕ್ಕನ ಕತ್ತರಿಸಿದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಹೋದಳು.

ಅಕ್ಕನ ಸರದಿ ಬಂದಾಗ ಎರಡೂ ಹತ್ತು.

ಮೈಕಿನ ಮುಂದೆ ನಿಂತಳು. ಹದಿನಾಲ್ಕು ವರ್ಷ ನಿಂತವಳಿಗೆ ಇಲ್ಲಿ ನಿಲ್ಲಲು ಕೊಟ್ಟದ್ದು ಮೂರು ನಿಮಿಷ.

"ಅಜ್ಜಿ ವಿಷಯ ಹೇಳಿದ್ರಿ," ಅಂದಳು. "ಅಜ್ಜಿ ಬಾಗಿಲು ಹಾಕ್ಕೊಳ್ಳಲ್ಲ ಸಾರ್. ಜಗಲಿ ಮೇಲೆ ಇಬ್ರನ್ನೂ ಎದುರುಬದ್ರು ಕೂರಿಸ್ತಾಳೆ. ಅವಳು ಏನು ಹೇಳಿದ್ಲು ಅಂತ ಬೀದಿಗೆಲ್ಲ ಕೇಳಿಸುತ್ತೆ. ತಪ್ಪು ಮಾಡಿದ್ರೆ ನಾಳೆ ಅವಳು ಅದೇ ಬೀದೀಲಿ ನೀರಿಗೆ ಬರ್ಬೇಕು. ಇವ್ರು ನನ್ನನ್ನ ಒಂದು ರೂಮಲ್ಲಿ ಕೂರಿಸಿದ್ರು, ಅವ್ರನ್ನ ಒಂದು ರೂಮಲ್ಲಿ. ನಾನು ಆಡಿದ ಮಾತು ಅರ್ಧ ಆ ರೂಮಿಗೆ ಹೋಯ್ತು. ಇನ್ನರ್ಧ ದಾರೀಲೇ ಬಿತ್ತು. ದಾರೀಲಿ ಬಿದ್ದಿದ್ದು ಏನು ಅಂದ್ರೆ..."

"ಅಧ್ಯಕ್ಷರೇ, ಕ್ಷಮಿಸಿ." ಅವಳ ಮಧ್ಯಸ್ಥ ಎದ್ದು ನಿಂತಿದ್ದ. ದನಿ ಆಗಲೂ ಮೆತ್ತಗೇ ಇತ್ತು. "ಇವರು ಗೋಪ್ಯತೆಯ ಕರಾರಿಗೆ ಸಹಿ ಮಾಡಿದ್ದಾರೆ. ಕೋಣೆಯೊಳಗಿನ ಮಾತನ್ನ ಹೊರಗೆ ಆಡೋ ಹಾಗಿಲ್ಲ. ಇವರ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಮೈಕು ಬಂದಾಯಿತು. ಯಾರು ಬಂದ್ ಮಾಡಿದರೋ. ಅಧ್ಯಕ್ಷರು ಪಕ್ಕದವರ ಜೊತೆ ಪಿಸುಗುಟ್ಟಿದರು.

"ನೋಡಿಮ್ಮ," ಅಂದರು ಆಮೇಲೆ. ಕೆಟ್ಟ ಮನುಷ್ಯರೇನಲ್ಲ, ಮುಖದಲ್ಲಿ ನಿಜವಾದ ಮರುಕ ಇತ್ತು. "ನಾವಿಲ್ಲಿ ನೀತಿಯ ಬಗ್ಗೆ ಮಾತಾಡೋಕೆ ಸೇರಿರೋದು. ನಿಮ್ಮದು ವೈಯಕ್ತಿಕ ತಕರಾರು. ನೀವು ಮಾತಾಡಿದ್ರೆ ಕರಾರು ಮುರಿದ ಹಾಗಾಗುತ್ತೆ, ನಿಮಗೇ ತೊಂದರೆ. ಒಂದು ಕೆಲಸ ಮಾಡಿ. ಪಕ್ಕದ ಕೋಣೆ ಖಾಲಿ ಇದೆ. ನೀವೂ ಅವರೂ ಅಲ್ಲಿ ಕೂತು ಬಗೆಹರಿಸ್ಕೊಳ್ಳಿ. ನಮ್ಮ ಕಾರ್ಯದರ್ಶಿಗಳು ಮಧ್ಯಸ್ಥಿಕೆ ಮಾಡ್ತಾರೆ."

ಮೂರು ಸಾಲೂ ತಲೆದೂಗಿತು. ಎಷ್ಟು ಸರಿಯಾದ ಮಾತು ಅನ್ನುವ ಹಾಗೆ. ಅಕ್ಕನಿಗೆ ನಗು ಬಂತು. ಅಳುವಿನ ಜಾಗದಿಂದ ಎದ್ದು ಬಂದ ನಗು.

"ನನ್ನ ಗುಟ್ಟು ಅವ್ರು ಹೊರಗೆ ಹಾಕಿದ್ರು. ಅದಕ್ಕೆ ಯಾರೂ ಏನೂ ಅನ್ಲಿಲ್ಲ," ಅಂದಳು. ಮೈಕಿಲ್ಲದೆ ದನಿ ಎರಡನೇ ಸಾಲಿಗೆ ಸತ್ತುಹೋಗುತ್ತಿತ್ತು. "ಈಗ ಅವ್ರ ಗುಟ್ಟು ನಾನು ಕಾಯ್ಬೇಕಾ?"

"ಅಮ್ಮಾ, ಸಮಯ ಆಯ್ತು."

ಕಾವಲಿನವನು ಬಂದು ಅವಳ ಮೊಣಕೈ ಹಿಡಿದ. ಜೋರು ಮಾಡಲಿಲ್ಲ. ಮುದುಕಿಯನ್ನು ರಸ್ತೆ ದಾಟಿಸುವ ಹಾಗೆ ನಡೆಸಿಕೊಂಡು ಹೋದ. ಸಭಾಂಗಣಕ್ಕೇ ಬಾಗಿಲಿದ್ದ ಆ ಪಕ್ಕದ ಕೋಣೆಯಲ್ಲಿ ಮಧ್ಯಸ್ಥ ಆಗಲೇ ಹೋಗಿ ಕೂತಿದ್ದ, ಎದುರಿಗೊಂದು ಖಾಲಿ ಕುರ್ಚಿ ಎಳೆದಿಟ್ಟುಕೊಂಡು. ಕಾರ್ಯದರ್ಶಿ ಬಿಳಿ ಹಾಳೆ ತೆಗೆದಿದ್ದರು.

ಅಕ್ಕ ಹೊಸ್ತಿಲ ಮೇಲೆ ನಿಂತಳು. ಒಳಗೆ ಹೋಗಲಿಲ್ಲ.

"ಒಳಗೆ ಹೋಗಮ್ಮ, ಬಾಗಿಲು ಹಾಕ್ಬೇಕು," ಅಂದ ಕಾವಲಿನವನು.

"ಹೋಗಲ್ಲ."

"ಹಾಗಾದ್ರೆ ಹೊರಗೆ ನಡಿ."

"ಹೊರಗೂ ಹೋಗಲ್ಲ."

ಅವನು ಬಾಗಿಲು ಎಳೆದ. ಭಾರದ ಬಾಗಿಲು, ಅಂಚಿಗೆ ಲೋಹದ ತಗಡು. ಅಕ್ಕ ಬಲಗೈ ಎತ್ತಿ ಬಾಗಿಲಿನ ಸಂದಿಯಲ್ಲಿ ಇಟ್ಟಳು. ಐದು ಬೆರಳಿದ್ದ ಕೈ. ಚೌಕಟ್ಟಿನ ಮೇಲೆ ಬೆರಳುಗಳನ್ನು ಅಗಲವಾಗಿ ಹರಡಿದಳು, ಶೀಟಿನ ಅಂಚು ನೇರ ಮಾಡುವ ಹಾಗೆ.

"ಹಾಕು ಈಗ," ಅಂದಳು.

ಕಾವಲಿನವನ ಕೈ ಹಿಡಿಕೆಯ ಮೇಲೆ ನಿಂತಿತು.

"ಇದೇನು ಹುಚ್ಚಾಟ?" ಅಧ್ಯಕ್ಷರು ವೇದಿಕೆಯಿಂದ ಕೇಳಿದರು.

ಅಕ್ಕ ಸಭಾಂಗಣದ ಕಡೆ ತಿರುಗಿದಳು. ಈಗ ದನಿಗೆ ಮೈಕು ಬೇಕಿರಲಿಲ್ಲ. ಲಾಂಡ್ರಿಯಲ್ಲಿ ಮಿಷನ್ನುಗಳ ಸದ್ದಿನ ಮೇಲೆ ಕೂಗಿ ಕೂಗಿ ಗಟ್ಟಿಯಾದ ಗಂಟಲು ಎಲ್ಲಿ ಅಡಗಿತ್ತೋ, ಎದ್ದು ಬಂತು.

"ಪಟ್ಟಿ ನಾನೇ ಕಟ್ಟಿದ್ದು. ಬರ್ಕೊಳ್ಳಿ. ಬಟ್ಟೆ ಕೊಟ್ಟು ಕಟ್ಟಿಸಿದ್ದು ಸೂಪರ್‌ವೈಸರು. ಅದನ್ನೂ ಬರ್ಕೊಳ್ಳಿ. ಇವ್ರಿಗೆ ಎರಡೂ ಹೇಳಿದ್ದೆ, ಇವ್ರು ಒಂದನ್ನ ಮಾತ್ರ ಹೊತ್ಕೊಂಡು ಹೋದ್ರು. ನನ್ನ ತಂಗಿ ಈಗ ಆ ಮಿಷನ್ ಮುಂದೆ ನಿಂತಿದ್ದಾಳೆ. ಈಗ, ಈ ಗಳಿಗೇಲಿ. ಪಟ್ಟಿ ಇನ್ನೂ ಕಟ್ಟಿದೆ. ಇಷ್ಟು ಬರೆದಾದ ಮೇಲೆ ಬಾಗಿಲು ಹಾಕ್ಕೊಳ್ಳಿ, ಕೈ ಇದ್ರೂ ಹಾಕ್ಕೊಳ್ಳಿ."

ಮೊದಲ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಹಿಂದೆ ಕೋಣೆಯೊಳಗಿಂದ ಮಧ್ಯಸ್ಥ, "ಅಮ್ಮಾ, ಕೂತು ಮಾತಾಡೋಣ," ಅಂದ.

"ಇದು ಕಡತಕ್ಕೆ ಬೇಡ," ಅಂದರು ಅಧ್ಯಕ್ಷರು.

ಟೈಪಿಸ್ಟ್ ಹುಡುಗಿ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು. ಅವಳು ಬೆಳಗಿನಿಂದ ತಲೆ ಎತ್ತಿದ್ದು ಅದೇ ಮೊದಲು. ಅಧ್ಯಕ್ಷರ ಕಡೆ ನೋಡಲಿಲ್ಲ. ಬಾಗಿಲ ಸಂದಿಯ ಕೈಯನ್ನು ನೋಡಿದಳು.

"ಎಷ್ಟನೇ ನಂಬರ್ ಮಿಷನ್ನು ಅಕ್ಕ?" ಅಂತ ಕೇಳಿದಳು.

"ಮೂರು," ಅಂದಳು ಅಕ್ಕ. ಕೈ ತೆಗೆಯಲಿಲ್ಲ.